ಬೀಗ ತೆಗೆದ ಮೇಲೆ ಕಾವಲು ನಮ್ಮದೇ

ಕಂಪನಿ ಕೈಬಿಟ್ಟ ಹಳೆಯ ಸ್ಮಾರ್ಟ್‌ಫೋನಿಗೆ ಹೊಸ ಓಎಸ್ ಹಾಕಿಕೊಳ್ಳಬಹುದು. ಆದರೆ ಈ ಕೆಲಸದ ಮುಕ್ಕಾಲು ಪಾಲು ಕೇಬಲ್ ಚುಚ್ಚುವ ಮೊದಲೇ ಮುಗಿದಿರಬೇಕು.

ಕೋಟೇಶ್ವರದ ನಮ್ಮ ಮನೆಯ ಹೊರಗೆ ಆಸಾಡಿ ಮಳೆ ಹೊಡೆಯುತ್ತಿತ್ತು. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪು ಬ್ಯಾಟರಿಯಲ್ಲೇ ನಡೆಯುತ್ತಿತ್ತು. ಅದರಿಂದ ಹೊರಟ ಕೇಬಲಿನ ತುದಿಯಲ್ಲಿ ಅಣ್ಣ ಬೆಂಗಳೂರಿನಿಂದ ಕಳಿಸಿದ ಹಳೆಯ ಫೋನು. ಕಪ್ಪು ಪರದೆಯ ಮೇಲೆ ಬಿಳಿ ಅಂಕಿ ಏರುತ್ತಿತ್ತು: ಶೇ 31, 38, 44, 47. ಅಲ್ಲಿಗೆ ನಿಂತಿತು. ಕೆಳಗೊಂದು ಸಾಲು ಮೂಡಿತು: ‘ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್’. ಒಂದೇ ಉಸಿರಿನಲ್ಲಿ ಸೋಲು ಮತ್ತು ಗೆಲುವು!

ನನ್ನ ಕಣ್ಣಿಗೆ ಬಿದ್ದದ್ದು ‘ಫೇಲ್ಡ್’ ಮಾತ್ರ. ಫೋನಿನ ಪರದೆಯ ಮೇಲೆ ಕೆಲಸ ಇನ್ನೂ ನಡೆಯುತ್ತಿದೆ ಎಂಬುದನ್ನು ನೋಡದೆ ಪವರ್ ಗುಂಡಿ ಒತ್ತಿಹಿಡಿದೆ. ಆಮೇಲೆ ಬೆಳಗಿನವರೆಗೂ ಆ ಫೋನು ಒಂದು ಚಿಹ್ನೆಯನ್ನು ತೋರಿಸುತ್ತ, ಆರುತ್ತ, ಮತ್ತೆ ಅದನ್ನೇ ತೋರಿಸುತ್ತ ಕೂತಿತು. ಬಾಗಿಲಲ್ಲಿ ನಿಂತ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಮಗಾ, ಇದ್ರಗೆ ಇನ್ನ್ ಯಕ್ಷಗಾನ ಕಾಂಬುಕೆ ಆತ್ತಾ?”

ಆಗುತ್ತಿತ್ತು. ಮರುದಿನ ಹಗಲಲ್ಲಿ ಆ ಹೊಸ ಓಎಸ್ಸಿನ ಮಾರ್ಗದರ್ಶಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಾಗ ತಿಳಿಯಿತು: ಕೆಲವು ಫೋನುಗಳಲ್ಲಿ ಕಂಪ್ಯೂಟರಿನ ಲೆಕ್ಕ ಶೇ 47ಕ್ಕೇ ನಿಂತು ಇದೇ ವಿಚಿತ್ರ ಸಾಲನ್ನು ತೋರಿಸುತ್ತದೆ, ಗಾಬರಿ ಬೇಡ, ಅದು ಯಶಸ್ಸೇ ಎಂದು ಅಲ್ಲಿ ಬರೆದೇ ಇತ್ತು. ನಾನು ಆ ಸಾಲಿಗೆ ಬರುವ ಮೊದಲೇ ಕೇಬಲ್ ಚುಚ್ಚಿದ್ದೆ.

ಊರಿಗೆ ಬರುವ ಹಳೆಯ ಫೋನುಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆಯ ಫೋನಿಗೊಂದು ದಾರಿಯಿದೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹೋಟೆಲು ನಡೆಸುವವರು, ದುಬೈಯಲ್ಲಿ ದುಡಿಯುವವರು ಹೊಸದು ಕೊಂಡಾಗ ಹಳೆಯದು ಊರಿಗೆ ಬರುತ್ತದೆ. ಇಲ್ಲಿ ಅದು ಅಮ್ಮನ ಕೈಗೋ ಶಾಲೆಗೆ ಹೋಗುವ ಮಕ್ಕಳ ಕೈಗೋ ಸೇರುತ್ತದೆ. ಪರದೆ, ಕ್ಯಾಮೆರಾ, ಸ್ಪೀಕರ್ ಎಲ್ಲ ಸರಿಯಿದ್ದರೂ ಸೆಟ್ಟಿಂಗ್ಸ್ ತೆರೆದು ‘ಸೆಕ್ಯುರಿಟಿ ಅಪ್‌ಡೇಟ್’ ನೋಡಿದರೆ ಮೂರು-ನಾಲ್ಕು ವರ್ಷ ಹಿಂದಿನ ದಿನಾಂಕ.

ಆಂಡ್ರಾಯ್ಡ್‌ಗೆ ತಿಂಗಳಿಗೊಮ್ಮೆ ಸುರಕ್ಷತಾ ತೇಪೆ ಹಾಕುವ ಪದ್ಧತಿಯನ್ನು ಗೂಗಲ್ ಶುರುಮಾಡಿದ್ದು 2015ರ ಆಗಸ್ಟಿನಲ್ಲಿ. ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬಯಲಾಗಿ, ಒಂದು ವಿಡಿಯೋ ಸಂದೇಶ ಕಳಿಸಿಯೇ ಫೋನಿನೊಳಗೆ ನುಗ್ಗಬಹುದೆಂದು ಗೊತ್ತಾದ ಸಮಯ ಅದು. ಗೂಗಲ್ ತೇಪೆ ಹೊಲಿದರೂ ಅದನ್ನು ನಿಮ್ಮ ಫೋನಿಗೆ ಮುಟ್ಟಿಸುವುದು ಫೋನ್ ತಯಾರಿಸಿದ ಕಂಪನಿಯ ಕೆಲಸ. ಈಗ ಕೆಲವು ದುಬಾರಿ ಫೋನುಗಳಿಗೆ ಏಳು ವರ್ಷದ ಭರವಸೆ ಸಿಗುತ್ತಿದೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಅಂಥವು. ಅದಕ್ಕೂ ಹಿಂದಿನ ಸಾಮಾನ್ಯ ಬೆಲೆಯ ಫೋನುಗಳಿಗೆ ಎರಡು-ಮೂರು ವರ್ಷ ಸಿಕ್ಕರೆ ಅದೇ ಪುಣ್ಯ. ಆಮೇಲೆ ತೂತು ತೂತಾಗಿಯೇ ಉಳಿಯುತ್ತದೆ.

ಆಂಡ್ರಾಯ್ಡ್‌ನ ಮೂಲ ಸಂಕೇತ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಮುಕ್ತ ತಂತ್ರಾಂಶ. ಕಂಪನಿ ಬಿಟ್ಟುಹೋದ ಫೋನಿಗೆ ಆ ಮೂಲದಿಂದಲೇ ಹೊಸ ಓಎಸ್ ಕಟ್ಟಿ ಹಂಚುವ ಸ್ವಯಂಸೇವಕರಿದ್ದಾರೆ. ಹುಡುಗರ ಬಾಯಲ್ಲಿ ಅದು ‘ಕಸ್ಟಮ್ ರೋಮ್’. ಮೊದಲ ಆಂಡ್ರಾಯ್ಡ್ ಫೋನು 2008ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಅಮೆರಿಕದ ಸ್ಟೀವ್ ಕಾಂಡಿಕ್ ‘ಸಯನೋಜೆನ್‌ಮಾಡ್’ ಆರಂಭಿಸಿದರು. ಅದು ಕಂಪನಿಯಾಗಿ ಬೆಳೆದು, 2014ರಲ್ಲಿ ಭಾರತಕ್ಕೆ ಬಂದ ಒನ್‌ಪ್ಲಸ್ ಒನ್ ಫೋನಿನೊಳಗೆ ಕೂತಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಭಾರತದಲ್ಲಿ ಸಯನೋಜೆನ್ ಬಳಸುವ ಹಕ್ಕು ತನ್ನದೆಂದು ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯಿತು. ಒನ್‌ಪ್ಲಸ್ ಮಾರಾಟಕ್ಕೆ ತಡೆ ಬಿದ್ದು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠದಿಂದ ತೆರವಾಯಿತು. 2016ರ ಕೊನೆಗೆ ಸಯನೋಜೆನ್ ಅಂಗಡಿ ಮುಚ್ಚಿದಾಗ ಸ್ವಯಂಸೇವಕರು ಅದರ ಸಂಕೇತವನ್ನೇ ಎತ್ತಿಕೊಂಡು ‘ಲಿನಿಯೇಜ್ ಓಎಸ್’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇವತ್ತು ಹಳೆಯ ಫೋನಿಗೆ ಹೆಚ್ಚಿನವರು ಮೊದಲು ಹುಡುಕುವುದು ಇದನ್ನೇ. ಗೂಗಲಿನ ಪಿಕ್ಸೆಲ್ ಇದ್ದವರಿಗೆ ಸುರಕ್ಷತೆಯೇ ಮುಖ್ಯವಾದ ‘ಗ್ರಾಫೀನ್ ಓಎಸ್’ ಕೂಡ ಇದೆ.

ಅಕ್ಷರಕ್ಕಾಗಿ ಬೀಗ ಒಡೆದ ಕಾಲ

ಕನ್ನಡಿಗರಿಗೆ ಫೋನಿನ ಒಳಗೆ ಕೈಹಾಕುವುದು ಹೊಸತಲ್ಲ. 2010-11ರ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಪತ್ರಿಕೆಯ ತಾಣ ತೆರೆದರೆ ಸಾಲು ಸಾಲು ಖಾಲಿ ಚೌಕ. ಒಪೇರಾ ಮಿನಿ ಬ್ರೌಸರಿನ ಗುಪ್ತ ಸೆಟ್ಟಿಂಗಿಗೆ ಹೋಗಿ ಅಕ್ಷರವನ್ನು ಚಿತ್ರವಾಗಿ ತರಿಸಿಕೊಂಡು ಓದುವ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅದೂ ಸಾಲದವರು ಫೋನನ್ನು ‘ರೂಟ್’ ಮಾಡಿ, ಅಂದರೆ ಒಳಗಿನ ಪೂರ್ತಿ ಅಧಿಕಾರ ಕೈಗೆ ತೆಗೆದುಕೊಂಡು, ಸಿಸ್ಟಮ್ಮಿನ ಫಾಂಟ್ ಫೋಲ್ಡರಿಗೇ ಕನ್ನಡ ಫಾಂಟು ತುರುಕುತ್ತಿದ್ದರು. ಆಗಲೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಅಕ್ಷರಗಳನ್ನು ಕೂಡಿಸಿ ಹೆಣೆಯುವ ಎಂಜಿನ್ನು ಒಳಗಿರಲಿಲ್ಲ. 2012ರ ಜೆಲ್ಲಿ ಬೀನ್ ಆವೃತ್ತಿಯ ಹೊತ್ತಿಗೆ ಕನ್ನಡ ಆಂಡ್ರಾಯ್ಡ್‌ನೊಳಗೇ ಬಂದು ಆ ಕಷ್ಟ ಮುಗಿಯಿತು. ಯಂತ್ರಕ್ಕೆ ಕನ್ನಡ ಕಲಿಸುವ ಹಟ ನಮ್ಮ ಉಡುಪಿ ಜಿಲ್ಲೆಗೆ ಇನ್ನೂ ಹಳೆಯದು: ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದ ಕೆ. ಪಿ. ರಾವ್ ಮಣಿಪಾಲದಲ್ಲಿ ನೆಲೆಸಿದವರು.

ಅಂದು ಬೀಗ ಒಡೆದವರ ಫೋನಿನಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಇಂದು ಅದೇ ಫೋನಿನಲ್ಲಿ ಬ್ಯಾಂಕಿದೆ, ಆಧಾರ್ ಇದೆ, ಮೀನಿನ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿ ಕೊಡುವ ಯುಪಿಐ ಇದೆ. ಹಾಗಾಗಿ ಮೊದಲ ಪ್ರಶ್ನೆ ಹೇಗೆ ಹಾಕುವುದು ಎಂಬುದಲ್ಲ. ಯಾವ ಫೋನಿಗೆ, ಯಾರ ಉಪಯೋಗಕ್ಕೆ ಎಂಬುದು.

ಬೂಟ್‌ಲೋಡರ್ ಎಂಬ ದ್ವಾರಪಾಲಕ

ಪವರ್ ಗುಂಡಿ ಒತ್ತಿದಾಗ ಮೊದಲು ಏಳುವವನು ಬೂಟ್‌ಲೋಡರ್. ಒಳಗೆ ಬರುವ ಓಎಸ್ ಕಂಪನಿಯ ಸಹಿ ಹೊತ್ತಿದೆಯೇ, ದಾರಿಯಲ್ಲಿ ಯಾರಾದರೂ ತಿದ್ದಿದ್ದಾರೆಯೇ ಎಂದು ತಪಾಸಣೆ ಮಾಡಿಯೇ ಅವನು ಬಾಗಿಲು ಬಿಡುವುದು. ಕಸ್ಟಮ್ ರೋಮ್ ಹಾಕಬೇಕೆಂದರೆ ಈ ದ್ವಾರಪಾಲಕನಿಗೆ ರಜೆ ಕೊಡಬೇಕು. ‘ಬೂಟ್‌ಲೋಡರ್ ಅನ್‌ಲಾಕ್’ ಅಂದರೆ ಇಷ್ಟೆ.

ಅನ್‌ಲಾಕ್ ಮಾಡಿದ ಕ್ಷಣ ಫೋನಿನೊಳಗಿನ ಎಲ್ಲವೂ ಅಳಿಸಿಹೋಗುತ್ತದೆ. ಇದು ಬೇಕೆಂದೇ ಮಾಡಿದ ಏರ್ಪಾಡು: ಕದ್ದವನು ಬೀಗ ತೆಗೆದು ನಿಮ್ಮ ಫೋಟೋ ನೋಡಬಾರದು. ಅಲ್ಲಿಂದ ಮುಂದೆ ತಪಾಸಣೆಗೆ ಯಾರೂ ಇಲ್ಲ. ಫೋನು ಕೈಗೆ ಸಿಕ್ಕಿದವರು ಓಎಸ್ಸನ್ನೇ ತಿದ್ದಿ ಇಡಬಹುದು. ಪಿನ್ ಹಾಕಿದ್ದರೆ ಒಳಗಿನ ಮಾಹಿತಿ ಗೂಢಲಿಪಿಯಲ್ಲೇ ಇರುತ್ತದೆ, ನಿಜ; ಆದರೆ ಆ ಪಿನ್ ಕೇಳುವ ಪರದೆಯೇ ಅಸಲಿಯೋ ನಕಲಿಯೋ ಎಂದು ಹೇಳುವವರಿಲ್ಲ. ಕಂಪನಿ ಮಾಡುತ್ತಿದ್ದ ಕಾವಲು ಇನ್ನು ನಿಮ್ಮ ತಲೆಗೆ.

ಎಲ್ಲ ಕಂಪನಿಗಳೂ ಬೀಗದ ಕೈ ಕೊಡುವುದಿಲ್ಲ. ಪಿಕ್ಸೆಲ್‌ನಲ್ಲಿ ಸೆಟ್ಟಿಂಗ್ಸ್‌ನೊಳಗೇ ಅವಕಾಶವಿದೆ. ಶಿಯೋಮಿಯಲ್ಲಿ ಖಾತೆಯನ್ನು ಫೋನಿಗೆ ಜೋಡಿಸಿ ಕಾಯಬೇಕು. ಬಹುಕಾಲ ಆ ಕಾಯುವಿಕೆ 168 ಗಂಟೆ, ಅಂದರೆ ಏಳು ದಿನ, ಇತ್ತು. ಸ್ಯಾಮ್‌ಸಂಗ್ ಫೋನಿನ ಚಿಪ್ಪಿನಲ್ಲಿ ‘ನಾಕ್ಸ್’ ಎಂಬ ಫ್ಯೂಸಿದೆ. ಬೇರೆ ಓಎಸ್ ಹಾಕಿದರೆ ಅದು ಸುಟ್ಟುಹೋಗುತ್ತದೆ, ಹಳೆಯ ಓಎಸ್ಸನ್ನೇ ಮರಳಿ ಹಾಕಿದರೂ ಸರಿಹೋಗದು, ಸೆಕ್ಯೂರ್ ಫೋಲ್ಡರ್ ಮತ್ತೆ ತೆರೆಯದು. ವಾವೇ 2018ರಲ್ಲೇ ಬೀಗದ ಕೈ ಕೊಡುವುದನ್ನು ನಿಲ್ಲಿಸಿತು. ಅಧಿಕೃತ ದಾರಿ ಇಲ್ಲದ ಫೋನಿಗೆ ‘ಒಂದು ಟೂಲ್ ಇದೆ, ಹೊಡ್ದ್ ಕೊಡ್ತೆ’ ಎನ್ನುವವರು ಸಿಗುತ್ತಾರೆ. ಅಲ್ಲಿಂದ ನಮಸ್ಕಾರ ಹೇಳಿ ಹೊರಡುವುದು ಕ್ಷೇಮ.

ಹೆಸರು ಒಂದೇ, ಹೊಟ್ಟೆ ಬೇರೆ

ಓಎಸ್ ಬದಲಿಸುವಾಗ ಫೋನು ಹಾಳಾಗುವುದಕ್ಕೆ ಒಂದು ದೊಡ್ಡ ಕಾರಣ ತಪ್ಪು ಫೈಲು. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ರೆಡ್ಮಿ ನೋಟ್ 4 ಎಂಬ ಹೆಸರಿನಲ್ಲೇ ಎರಡು ಫೋನುಗಳಿದ್ದವು. 2016ರಲ್ಲಿ ಚೀನಾದಲ್ಲಿ ಬಂದದ್ದರೊಳಗೆ ಮೀಡಿಯಾಟೆಕ್ ಚಿಪ್ಪು, ಒಳಹೆಸರು ‘ನಿಕಲ್’. 2017ರ ಜನವರಿಯಲ್ಲಿ ಭಾರತಕ್ಕೆ ಬಂದದ್ದರೊಳಗೆ ಸ್ನಾಪ್‌ಡ್ರ್ಯಾಗನ್, ಒಳಹೆಸರು ‘ಮಿಡೊ’. ಒಂದರ ಓಎಸ್ ಇನ್ನೊಂದಕ್ಕೆ ಆಗಿಬರದು. ಸ್ಯಾಮ್‌ಸಂಗ್‌ನಲ್ಲೂ ಒಂದೇ ಮಾದರಿ ಒಂದು ದೇಶದಲ್ಲಿ ಎಕ್ಸಿನೋಸ್, ಇನ್ನೊಂದು ದೇಶದಲ್ಲಿ ಸ್ನಾಪ್‌ಡ್ರ್ಯಾಗನ್. ಗಲ್ಫಿನಿಂದ ಬಂದ ಫೋನುಗಳಿರುವ ನಮ್ಮ ಮನೆಗಳಲ್ಲಿ ಇದು ಪುಸ್ತಕದ ಮಾತಲ್ಲ. ‘ಅಬೌಟ್ ಫೋನ್’ ಒಳಗಿನ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಒಳಹೆಸರು ಹುಡುಕಿ. ಲಿನಿಯೇಜ್‌ನ ಅಧಿಕೃತ ಪಟ್ಟಿಯಲ್ಲಿ ಆ ಒಳಹೆಸರು ಇಲ್ಲದಿದ್ದರೆ ಮೊದಲ ಸಲದವರು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಫೈಲನ್ನು ಅದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಟೆಲಿಗ್ರಾಮ್ ಗುಂಪಿನಲ್ಲಿ ಯಾರೋ ಹಾಕಿದ್ದು ಬೇಡ. ಫೈಲಿನ ಪಕ್ಕ 64 ಅಕ್ಷರ-ಅಂಕಿಗಳ ಉದ್ದ ಸರಮಾಲೆಯೊಂದು ಇರುತ್ತದೆ: ಎಸ್‌ಎಚ್‌ಎ-256. ಅದು ಫೈಲಿನ ಹೆಬ್ಬೆಟ್ಟು. ಒಂದೂವರೆ ಜಿಬಿಯ ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಇಡೀ ಸರಮಾಲೆ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್’, ಲಿನಕ್ಸ್‌ನಲ್ಲಿ ‘ಶಾ256ಸಮ್’ ಆಜ್ಞೆ ಕೊಟ್ಟರೆ ನೀವು ಇಳಿಸಿಕೊಂಡ ಫೈಲಿನ ಹೆಬ್ಬೆಟ್ಟು ಬರುತ್ತದೆ. ಎರಡನ್ನೂ ಒಂದರ ಕೆಳಗೊಂದು ಇಟ್ಟು ಪೂರ್ತಿ ಹೋಲಿಸಿ. ಮಳೆಗಾಲದಲ್ಲಿ ನೆಟ್ಟು ಹತ್ತು ಸಲ ಕಡಿಯುವ ನಮ್ಮ ಕಡೆ ಡೌನ್‌ಲೋಡು ಅರೆಬರೆಯಾಗಿ ನಿಲ್ಲುವುದು ಮಾಮೂಲು. ಫೈಲು ಹರಿದಿದ್ದರೂ ಈ ಹೋಲಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಮಾಡು ಬಿಚ್ಚುವ ಮೊದಲು

ಹಂಚಿನ ಮಾಡು ರಿಪೇರಿ ಮಾಡುವವರು ಮೊದಲು ಆಕಾಶ ನೋಡುತ್ತಾರೆ, ಆಮೇಲೆ ಹಂಚಿನ ಲೆಕ್ಕ, ರೀಪಿನ ಲೆಕ್ಕ. ಬಿಚ್ಚಿದ ಮೇಲೆ ಹೊದೆಸಿಯೇ ಇಳಿಯಬೇಕು. ಇಲ್ಲೂ ಅದೇ ಕ್ರಮ.

ಮೊದಲು ಒಳಗಿರುವುದನ್ನು ಹೊರಗೆ ತೆಗೆಯಿರಿ. ಫೋಟೋ, ಫೋನ್ ನಂಬರುಗಳು ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಬೇರೆ: ವಾಟ್ಸ್‌ಆ್ಯಪ್‌ನ ಹಳೆಯ ಮಾತುಕತೆ, ರೆಕಾರ್ಡರಿನಲ್ಲಿ ಉಳಿದ ಧ್ವನಿ, ಎರಡನೇ ಹಂತದ ಪಾಸ್‌ವರ್ಡ್ ಕೊಡುವ ಅಥೆಂಟಿಕೇಟರ್. ನಮ್ಮ ಆ ಫೋನಿನಲ್ಲಿ ತೀರಿಹೋದ ಅಪ್ಪಯ್ಯ ಅಣ್ಣನಿಗೆ ಕಳಿಸಿದ ನಾಲ್ಕು ವಾಯ್ಸ್ ಮೆಸೇಜುಗಳಿದ್ದವು. ಅವನ್ನು ಲ್ಯಾಪ್‌ಟಾಪಿಗೆ ಹಾಕಿ, ಒಂದೊಂದನ್ನೂ ಕೇಳಿ ನೋಡಿದ ಮೇಲೆಯೇ ನಾನು ಮುಂದೆ ಹೋದದ್ದು. ಕಾಪಿ ಆಗಿದೆ ಎಂದು ಕಂಪ್ಯೂಟರ್ ಹೇಳಿದರೆ ಸಾಲದು, ತೆರೆದು ನೋಡಬೇಕು. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದೂ ಪರೀಕ್ಷಿಸಿಕೊಳ್ಳಿ.

ಎರಡನೆಯದು, ಕಂಪನಿಯ ಮೂಲ ಓಎಸ್ಸಿನ ಫೈಲನ್ನು ಮೊದಲೇ ಇಳಿಸಿ ಇಟ್ಟುಕೊಳ್ಳುವುದು. ಕೈಕೊಟ್ಟಾಗ ಮರಳಿ ಹೋಗುವ ದಾರಿ ಅದು. ಆದರೆ ಅಲ್ಲೊಂದು ಹೊಂಡವಿದೆ. ಕೆಲವು ಫೋನುಗಳು ಈಗಿರುವುದಕ್ಕಿಂತ ಹಳೆಯ ಆವೃತ್ತಿಯನ್ನು ಒಳಗೆ ಬಿಡುವುದಿಲ್ಲ. ‘ಆ್ಯಂಟಿ ರೋಲ್‌ಬ್ಯಾಕ್’ ಎನ್ನುವ ಈ ಕಟ್ಟಳೆಯನ್ನು ಗಮನಿಸದೆ 2018ರಲ್ಲಿ ರೆಡ್ಮಿ ನೋಟ್ 5 ಪ್ರೊ ಇದ್ದ ಎಷ್ಟೋ ಮಂದಿ ಹಳೆಯದಕ್ಕೆ ಇಳಿಯಲು ಹೋಗಿ ಫೋನು ಕಳೆದುಕೊಂಡರು. ಇಂಗ್ಲಿಷಿನಲ್ಲಿ ಇಂಥ ಸತ್ತ ಫೋನಿಗೆ ‘ಬ್ರಿಕ್’, ಅಂದರೆ ಇಟ್ಟಿಗೆ ಎನ್ನುತ್ತಾರೆ. ಕೆಂಪುಕಲ್ಲಿನಲ್ಲಿ ಮನೆ ಕಟ್ಟುವ ನಮ್ಮವರು ಕೆಂಪುಕಲ್ಲು ಎಂದರೂ ನಡೆದೀತು. ನನ್ನ ಫೋನಿನ ಹಾಗೆ ಚಿಹ್ನೆ ತೋರಿಸುತ್ತ ಕೂತದ್ದು ಅರೆಜೀವ, ಬದುಕಿಸಬಹುದು. ಗುಂಡಿ ಒತ್ತಿದರೆ ಮಿಸುಕಾಡದ್ದು ಪೂರ್ತಿ ಕಲ್ಲು.

ಮೂರನೆಯದು, *#06# ಒತ್ತಿ ಐಎಂಇಐ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡುವುದು. 15 ಅಂಕಿಯ ಈ ಗುರುತು ಕೂತಿರುವ ಜಾಗಕ್ಕೆ ತಪ್ಪಿ ಕೈ ತಾಗಿದರೆ ಸಿಮ್ ಹಾಕಿದರೂ ಸಿಗ್ನಲ್ ಬಾರದು. ‘ಐಎಂಇಐ ರಿಪೇರಿ’ ಮಾಡಿಕೊಡುತ್ತೇವೆ ಎಂದು ಯಾರಾದರೂ ಬೇರೊಂದು ಸಂಖ್ಯೆ ಕೂರಿಸಿದರೆ ಅದು ರಿಪೇರಿಯಲ್ಲ, ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥ ಗುರುತು ತಿದ್ದುವುದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಸೆಕೆಂಡ್‌ಹ್ಯಾಂಡ್ ಫೋನು ಕೊಂಡಿದ್ದರೆ ‘ಕೆವೈಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರ, ಮುಂದೆ ಐಎಂಇಐ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ ಅದರ ಪೂರ್ವಾಪರ ನೋಡಿಕೊಳ್ಳಬಹುದು.

ನಾಲ್ಕನೆಯದು ಸಣ್ಣದು, ಆದರೆ ಕೈಕೊಡುವುದು ಅದೇ: ಕೇಬಲು. ಚಾರ್ಜಿಗೆ ಮಾತ್ರ ಆಗುವ ಅಗ್ಗದ ಕೇಬಲಿನಲ್ಲಿ ಡೇಟಾ ಹೋಗದು. ಗಂಗೊಳ್ಳಿ, ಮರವಂತೆಯ ಹಾಗೆ ಕಡಲಿಗೆ ಹತ್ತಿರದ ಮನೆಯಾದರೆ ಉಪ್ಪುಗಾಳಿಗೆ ಫೋನಿನ ಚಾರ್ಜಿಂಗ್ ಕಿಂಡಿಯೂ ಹಸಿರುಗಟ್ಟಿರಬಹುದು. ತಾಗಿದರೆ ಸಂಪರ್ಕ ತಪ್ಪುವಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಡೆಸ್ಕ್‌ಟಾಪಿನಲ್ಲಿ ಮಾಡುವುದಾದರೆ ಯುಪಿಎಸ್ ಇರಲಿ. ಗಾಳಿಮಳೆಯ ದಿನ ಬೇಡವೇ ಬೇಡ.

ಒಂದು ಮಧ್ಯಾಹ್ನದ ಕೆಲಸ

ಇಷ್ಟಾದ ಮೇಲೆ ಉಳಿದದ್ದು ಹೆಚ್ಚಿಲ್ಲ. ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಬೆರಳು ಬಡಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ‘ಓಇಎಂ ಅನ್‌ಲಾಕಿಂಗ್’, ‘ಯುಎಸ್‌ಬಿ ಡಿಬಗ್ಗಿಂಗ್’ ಆನ್ ಮಾಡಿ, ಕಂಪನಿ ಹೇಳಿದ ಕ್ರಮದಲ್ಲಿ ಬೂಟ್‌ಲೋಡರ್ ತೆರೆಯಬೇಕು. ಆಮೇಲೆ ನಿಮ್ಮ ಫೋನಿನ ಒಳಹೆಸರಿಗೇ ಮಾಡಿದ ‘ರಿಕವರಿ’ಯನ್ನು, ಅಂದರೆ ಓಎಸ್ ಕೂರಿಸಲು ನೆರವಾಗುವ ಪುಟ್ಟ ತಂತ್ರಾಂಶವನ್ನು, ಹಾಕಿ, ಅದರೊಳಗೆ ಹೋಗಿ ಫಾರ್ಮ್ಯಾಟ್ ಮಾಡಿ, ‘ಸೈಡ್‌ಲೋಡ್’ ಮೂಲಕ ಕಂಪ್ಯೂಟರಿನಿಂದ ಕೇಬಲಿನಲ್ಲಿ ಓಎಸ್ ಕಳಿಸುವುದು. ಪ್ಲೇ ಸ್ಟೋರ್ ಬೇಕಾದವರು ಗೂಗಲ್ ಆ್ಯಪ್‌ಗಳ ಪೊಟ್ಟಣವನ್ನು ಫೋನು ಮೊದಲ ಸಲ ಆನ್ ಆಗುವ ಮೊದಲೇ ಹಾಕಿ ಮುಗಿಸಬೇಕು. ಮರೆತರೆ ಮತ್ತೆ ಫಾರ್ಮ್ಯಾಟು. ಮೊದಲ ಸಲ ಏಳಲು ಹದಿನೈದು ನಿಮಿಷದವರೆಗೆ ಹಿಡಿಯಬಹುದು. ಪ್ರತಿ ಮಾದರಿಗೂ ಹೆಜ್ಜೆಗಳಲ್ಲಿ ವ್ಯತ್ಯಾಸವಿದೆ. ಎಷ್ಟೋ ಫೋನುಗಳಿಗೆ ಮೊದಲು ಕಂಪನಿಯದೇ ನಿಗದಿತ ಆವೃತ್ತಿಗೆ ಬಂದು ನಿಲ್ಲಬೇಕು. ಹಾಗಾಗಿ ಯೂಟ್ಯೂಬ್ ವಿಡಿಯೋ ನೋಡುತ್ತ ಜೊತೆಜೊತೆಗೆ ಮಾಡುವ ಕೆಲಸವಲ್ಲ ಇದು. ನಿಮ್ಮ ಫೋನಿನ ಪುಟವನ್ನೇ ಓದಿ, ಪ್ರಿಂಟ್ ತೆಗೆದು, ಮುಗಿದ ಹೆಜ್ಜೆಗೆ ಪೆನ್ನಿನಿಂದ ಗೆರೆ ಎಳೆಯಿರಿ.

ಎಲ್ಲ ಸರಿಹೋಯಿತೆಂದು ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕುವ ಆಸೆ ಹುಟ್ಟುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದೇ ಕೊನೆಯ ತಪ್ಪಾಗುತ್ತದೆ: ದ್ವಾರಪಾಲಕ ರಜೆಯಿಂದ ಮರಳಿ, ಒಳಗಿರುವವರ ಸಹಿ ಗುರುತಿಸದೆ ಬಾಗಿಲು ಮುಚ್ಚಿಬಿಡುತ್ತಾನೆ. ಪಿಕ್ಸೆಲ್ ಮತ್ತು ಗ್ರಾಫೀನ್ ಜೋಡಿಯಂಥ ಕೆಲವೆಡೆ ಮಾತ್ರ ಹೊಸ ಓಎಸ್ಸಿನ ಕೀಲಿಯನ್ನು ಅವನಿಗೆ ಪರಿಚಯಿಸಿ ಮತ್ತೆ ಬೀಗ ಹಾಕುವ ಸರಿಯಾದ ವ್ಯವಸ್ಥೆ ಇದೆ.

ಸಿಕ್ಕಿದ್ದು, ಕಳಕೊಂಡದ್ದು

ಲಾಭ-ನಷ್ಟದ ಲೆಕ್ಕವನ್ನೂ ಹೇಳಬೇಕು. ಬೀಗ ತೆರೆದ ಫೋನನ್ನು ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಪರೀಕ್ಷೆ ಗುರುತಿಸುತ್ತದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಅದನ್ನು ನೋಡಿ ನಡೆಯಲು ನಿರಾಕರಿಸಬಹುದು. ಅದನ್ನು ಮರೆಮಾಚುವ ಉಪಾಯಗಳು ಹುಡುಗರಲ್ಲಿ ಓಡಾಡುತ್ತವೆ, ಬೆಕ್ಕು-ಇಲಿ ಆಟವದು. ಅದಕ್ಕಾಗಿ ಫೋನನ್ನು ರೂಟ್ ಮಾಡಿದರೆ ಉಳಿದಿದ್ದ ಗೋಡೆಯನ್ನೂ ಕೆಡವಿದಂತೆ. ಓಎಸ್ ಬದಲಿಸಲು ರೂಟ್ ಬೇಕಿಲ್ಲ. ಸಿನಿಮಾ ತೋರಿಸುವ ಆ್ಯಪ್‌ಗಳಲ್ಲಿ ಚಿತ್ರದ ಸ್ಪಷ್ಟತೆ ಇಳಿಯಬಹುದು. ಜಿಯೋ ಸಿಮ್ ಇದ್ದವರು ಒಂದನ್ನು ಮೊದಲೇ ವಿಚಾರಿಸಿಕೊಳ್ಳಬೇಕು: ಆ ಜಾಲದಲ್ಲಿ ಹಳೆಯ 2ಜಿ, 3ಜಿ ಇಲ್ಲವೇ ಇಲ್ಲ. ಹೊಸ ಓಎಸ್ಸಿನಲ್ಲಿ ವೋಲ್ಟಿ, ಅಂದರೆ 4ಜಿ ಮೇಲೆಯೇ ಕರೆ ಮಾಡುವ ವ್ಯವಸ್ಥೆ, ನಡೆಯದಿದ್ದರೆ ಮಾಮೂಲು ಕರೆಯೇ ಹೋಗದು.

ಹೊಸ ಓಎಸ್ ಬಂದರೂ ಎಲ್ಲ ತೂತು ಮುಚ್ಚುವುದಿಲ್ಲ. ಮೋಡೆಮ್, ಕ್ಯಾಮೆರಾ, ಚಿಪ್ಪಿನ ಒಳತಂತ್ರಾಂಶ ಕಂಪನಿಯ ಕೈಯಲ್ಲೇ ಇದೆ. ಅದು ಕಂಪನಿ ಕೈಬಿಟ್ಟ ದಿನಕ್ಕೇ ನಿಂತಿರುತ್ತದೆ. ಆಂಡ್ರಾಯ್ಡ್ ತೇಪೆಯ ದಿನಾಂಕ ಈ ತಿಂಗಳದ್ದಿದ್ದು, ‘ವೆಂಡರ್’ ದಿನಾಂಕ ನಾಲ್ಕು ವರ್ಷ ಹಿಂದಿನದಿದ್ದರೆ ಅರ್ಥ ಅದೇ. ಅಪಾಯ ಕಡಿಮೆಯಾಯಿತು, ಮುಗಿಯಲಿಲ್ಲ. ಮತ್ತೆ, ನಿಮ್ಮ ಮಾದರಿಯನ್ನು ನೋಡಿಕೊಳ್ಳುತ್ತಿರುವುದು ಎಲ್ಲೋ ಕೂತ ಒಬ್ಬಿಬ್ಬರು ಸ್ವಯಂಸೇವಕರು. ಅವರಿಗೆ ಬೇರೆ ಕೆಲಸ ಬಂದ ದಿನ ಆ ಮಾದರಿ ಪಟ್ಟಿಯಿಂದ ಹೊರಗೆ.

ಹಾಗಾಗಿ ನಾನು ಹಾಕಿಕೊಂಡ ಗೆರೆ ಇದು: ಹಣದ ವ್ಯವಹಾರದ ಫೋನು ಬೇರೆ, ಇದು ಬೇರೆ. ಬೀಗ ತೆಗೆದ ಫೋನಿನಲ್ಲಿ ಬ್ಯಾಂಕ್ ಇಲ್ಲ. ಸರಿಯಾದ ಪಿನ್ ಇದೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ‘ಸಾಫ್ಟ್‌ವೇರ್ ಹೊಡಿಸಲು’ ಬಿಟ್ಟುಬರುವ ಫೋನಿನೊಳಗೆ ನಮ್ಮದೆನ್ನುವ ಏನೂ ಇರಬಾರದು ಎಂಬುದೂ ಅದೇ ಗೆರೆಯ ಭಾಗ.

ಆ ಫೋನು ಈಗ ಅಮ್ಮನ ಕೈಯಲ್ಲಿದೆ. ಎರಡನೇ ಸಲ ಹಾಕಿದ್ದು ಬಿಸಿಲಿದ್ದ ಒಂದು ಮಧ್ಯಾಹ್ನ. ಅಂಕಿ ಮತ್ತೆ 47ಕ್ಕೇ ನಿಂತಿತು, ಅದೇ ‘ಫೇಲ್ಡ್’, ಅದೇ ‘ಸಕ್ಸೆಸ್’. ನಾನು ಲ್ಯಾಪ್‌ಟಾಪು ಬಿಟ್ಟು ಫೋನಿನ ಪರದೆ ನೋಡುತ್ತ ಕೂತೆ. ಅದು ಮುಗಿಯಿತು ಎಂದ ಮೇಲೆ ಕೇಬಲ್ ತೆಗೆದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ ಕೊಟ್ಟೆ. ಯಕ್ಷಗಾನ ಬಂತು, ಚಂಡೆಯೂ ಸರಿಯಾಗಿ ಕೇಳಿತು.

ಆದರೆ ಆ ಫೋನು ಪ್ರತಿ ಸಲ ಆನ್ ಆಗುವಾಗಲೂ ಕೆಲವು ಕ್ಷಣ ತೆರೆದ ಬೀಗದ ಚಿತ್ರ ತೋರಿಸುತ್ತದೆ. ಅದನ್ನು ತೆಗೆಯುವ ದಾರಿ ಹುಡುಕಲು ನಾನು ಹೋಗಿಲ್ಲ. ಮೊನ್ನೆ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ ಹೇಳಿದರು: “ಮಗಾ, ಇದ್ರ ಬೀಗ ತೆಗ್ದೇ ಇತ್ತಲಾ?”

“ಹೌದಮ್ಮ” ಎಂದೆ. ಆ ತಿಂಗಳ ಅಪ್‌ಡೇಟು ಹಾಕುವುದು ಬಾಕಿಯಿತ್ತು. ಫೋನು ಈಸಿಕೊಂಡು ಹಾಕಿಕೊಟ್ಟೆ.